ನಡುಗುಡ್ಡದಲ್ಲಿ ನಿಂತ ದಾರಿ

ಸತ್ತವರ ವಿಷಯದಲ್ಲಿ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ನನಗೆ ಅದು ಕಷ್ಟವಲ್ಲ. ನನ್ನ ಕೈಕೆಳಗೆ ದುಡಿದ ಒಬ್ಬರಲ್ಲಿ ಕೆಟ್ಟದ್ದೊಂದು ಸಿಕ್ಕೀತೇ ಎಂದು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಹುಡುಕಿ ಸೋತವನು ನಾನು. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಕೇಳಿ ಡೊಂಬಿವಲಿ ಪೂರ್ವದ ಚಾಳಿನಲ್ಲಿದ್ದ ಅವರ ಮನೆಗೆ ಓಡಿದೆ. ನಿಜವಾಗಿಯೂ ದುಃಖವಾಗಿತ್ತು. ಆದರೆ ಎರಡು ಕೋಣೆಯ ಆ ಮನೆಯ ಮುಂದೆ ನೆರೆದ ಜನರನ್ನು ನೋಡಿದ ಮೇಲೆ ದುಃಖದ ಜೊತೆಗೆ ಹೊಟ್ಟೆಯೂ ಉರಿಯಿತು. ಆಫೀಸು ಬಸ್ಸಿನ ಡ್ರೈವರನಿಂದ ಹಿಡಿದು ನಿವೃತ್ತರಾದ ದೊಡ್ಡ ಎಂಜಿನಿಯರರವರೆಗೆ ಎಲ್ಲರೂ ಬಂದಿದ್ದರು. ನಾನು ಸತ್ತ ದಿನ ಇದರ ಕಾಲು ಭಾಗವೂ ಬರಲಿಕ್ಕಿಲ್ಲ ಎಂದು ಅಲ್ಲೇ, ಹೆಣದ ಎದುರಿಗೇ ಯೋಚಿಸಿದೆ. ನನ್ನ ಬುದ್ಧಿ ಇಂಥದ್ದು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಹೇಳುವುದು ಸುಲಭ.

ಬೇಲಾಪುರದಲ್ಲಿ ಹೊಸ ನಗರದ ನಕಾಶೆ ಬರೆಯುವ ಕಚೇರಿಯಲ್ಲಿ ನಾನು ಹೆಡ್ ಡ್ರಾಫ್ಟ್ಸ್‌ಮನ್, ಅವರು ಟ್ರೇಸರ್. ನಾವು ಪೆನ್ಸಿಲಿನಲ್ಲಿ ಬರೆದ ನಕಾಶೆಯ ಮೇಲೆ ಪಾರದರ್ಶಕ ಹಾಳೆ ಹಾಸಿ ಶಾಯಿಯಲ್ಲಿ ತೀಡುವುದು ಟ್ರೇಸರನ ಕೆಲಸ. ನಾನು ಉಡುಪಿ ಕಡೆಯವನು, ಡಿಪ್ಲೊಮಾ ಮಾಡಿದವನು. ಅವರು ವಿಜಾಪುರ ಕಡೆಯವರು. ಮನೆತನ ಕುರಿ ಕಾಯುವವರದು, ಓದಿದ್ದು ಮೆಟ್ರಿಕ್. ದರ್ಜೆಯಲ್ಲಿ ನನಗಿಂತ ಎರಡು ಮೆಟ್ಟಿಲು ಕೆಳಗೆ. ಹೊಟ್ಟೆಕಿಚ್ಚು ಸಾಮಾನ್ಯವಾಗಿ ಮೇಲಿನವರ ಮೇಲೆ ಪಡುವಂಥದ್ದು. ಕೆಳಗಿನವರ ಮೇಲೆ ಪಡುವ ದುರ್ಗತಿ ನನಗೆ ಬಂದಿತ್ತು.

ಸಣಕಲು ಆಳು. ಬಿಳಿ ಪಾಯಿಜಾಮ, ತೋಳು ಮಡಚಿದ ಅಂಗಿ. ಶಾಯಿ ಚೆನ್ನಾಗಿ ಕೂರಲೆಂದು ಹಾಳೆಗೆ ಸುಣ್ಣದಂಥ ಪುಡಿ ಉಜ್ಜುತ್ತಿದ್ದರು. ಆ ಪುಡಿ ಅವರ ತೋಳಿಗೆ, ಮೀಸೆಗೆ, ಕೆಲವೊಮ್ಮೆ ಹುಬ್ಬಿಗೂ ಮೆತ್ತಿರುತ್ತಿತ್ತು. ಬಸ್ಸಿನಲ್ಲಿ ಹೊಸಬರು ಅವರನ್ನು ಕೇರಂ ಆಟಗಾರರೆಂದು ತಿಳಿಯುತ್ತಿದ್ದರು. ತಪ್ಪಿದ ಗೆರೆಯನ್ನು ಅರ್ಧ ಮುರಿದ ಬ್ಲೇಡಿನಿಂದ ಕೆರೆದು ತೆಗೆಯುವಾಗ ಉಸಿರು ಬಿಗಿಹಿಡಿದು ಕೂರುವರು. ಗೆರೆ ಹೋದ ಮೇಲೆ ಒಂದು ನಿಟ್ಟುಸಿರು, ಆಮೇಲೆ ಸುತ್ತಲಿದ್ದವರಿಗೆಲ್ಲ ಒಂದು ನಗು. ಅವರ ಗುಡ್ಡದ ಗೆರೆಗಳನ್ನು ನೋಡಲು ಬೇರೆ ವಿಭಾಗದವರು ಬಂದು ಮೇಜಿನ ಸುತ್ತ ನಿಲ್ಲುತ್ತಿದ್ದರು. ನನ್ನ ಮೇಜಿನ ಸುತ್ತ ಯಾರೂ ನಿಂತದ್ದಿಲ್ಲ, ಸಹಿ ಬೇಕಾದವರನ್ನು ಬಿಟ್ಟರೆ.

ಅವರದೊಂದು ನಿಯಮವಿತ್ತು: ಯಾರಾದರೂ ಕಣ್ಣಾರೆ ಕಂಡದ್ದಕ್ಕೆ ಶಾಯಿ, ಬರೀ ಕಿವಿಯಾರೆ ಕೇಳಿದ್ದಕ್ಕೆ ಪೆನ್ಸಿಲ್. ಒಮ್ಮೆ ತುರ್ಭೆ ಹತ್ತಿರದ ಒಂದು ಹಳ್ಳಿಯ ನಕಾಶೆಯಲ್ಲಿ ಎಲ್ಲವೂ ಶಾಯಿಯಲ್ಲಿದ್ದು ಒಂದು ಬಾವಿ ಮಾತ್ರ ಪೆನ್ಸಿಲಿನಲ್ಲಿತ್ತು. ಮರುದಿನ ಹಾಳೆ ಮೇಲಕ್ಕೆ ಹೋಗಬೇಕು. ನಾನು ರೇಗಿದೆ.

"ಬಾವಿ ಐತಂತ ಹೇಳ್ಯಾರ್ರೀ ಸಾಹೇಬ್ರ. ನೋಡಿದವರು ಯಾರೂ ಇಲ್ಲ" ಎಂದರು.

"ಒಂದು ಬಾವಿಗೆ ಇಷ್ಟು ರಾಮಾಯಣವೇ?"

"ಇಲ್ಲದ ಬಾವಿ ಬರದ್ರ ನೀರಡಿಸಿದವ ಅಲ್ಲಿಗೆ ಹೊಕ್ಕಾನ್ರೀ" ಎಂದು ಅರ್ಧ ದಿನ ರಜೆ ಬರೆದಿಟ್ಟು, ಬಿಸಿಲಲ್ಲಿ ನಡೆದುಹೋಗಿ ನೋಡಿ ಬಂದರು. ಅದು ಬಾವಿಯಲ್ಲ, ಹಳೆಯ ಸುಣ್ಣದ ಗುಂಡಿ. ಪೆನ್ಸಿಲಿನ ಗುರುತನ್ನು ರಬ್ಬರಿನಿಂದ ಅಳಿಸಿ ಹಾಳೆ ಕೊಟ್ಟರು. ಅಂದು ಸಂಜೆ ದೊಡ್ಡ ಎಂಜಿನಿಯರರು ಇಡೀ ಆಫೀಸಿಗೆ ಕೇಳುವಂತೆ ಅವರನ್ನು ಹೊಗಳಿದರು. ನಾನೂ ಚಪ್ಪಾಳೆ ತಟ್ಟಿದೆ, ಕೈ ನೋಯುವಷ್ಟು.

ಇನ್ನು ವೇಲ್ಸಿನ ಕಥೆ. ಅವರು ಕೆಲಸ ಕಲಿತದ್ದು ಠಾಣೆಯಲ್ಲಿ ಒಬ್ಬ ಮುದಿ ಸರ್ವೇಯರರ ಬಳಿ. ಗುಡ್ಡದ ಏರಿಳಿತವನ್ನು ಗೆರೆಯಲ್ಲಿ ತೋರಿಸುವುದು ಕಲಿಯಲಿ ಎಂದು ಆ ಸರ್ವೇಯರರು ಬ್ರಿಟನ್ನಿನ ಒಂದು ಹಳೆಯ ನಕಾಶೆ ಕೊಟ್ಟರಂತೆ. ವೇಲ್ಸ್ ನಾಡಿನ ನಡುಭಾಗ, ರ್ಯಾಡ್ನರ್‌ಶೈರ್ ಎಂಬ ಜಿಲ್ಲೆ. ಜನ ಕಡಿಮೆ, ಕುರಿ ಹೆಚ್ಚು, ಬರೀ ಗುಡ್ಡ. ಬೇರೆ ಹುಡುಗರು ವಾರದಲ್ಲಿ ಆ ಅಭ್ಯಾಸ ಮುಗಿಸಿ ಮುಂದೆ ಹೋದರು. ಇವರು ಆ ಹಾಳೆಯಲ್ಲೇ ಉಳಿದುಬಿಟ್ಟರು. ಸರ್ವೇಯರರು ನಿವೃತ್ತರಾಗುವಾಗ ಅದನ್ನು ಇವರಿಗೇ ಕೊಟ್ಟು ಹೋದರು. ಎರಡನೇ ಶನಿವಾರಗಳಲ್ಲಿ ರೈಲು ಹತ್ತಿ ಫೋರ್ಟ್ ಭಾಗದ ಒಂದು ಲೈಬ್ರರಿಗೆ ಹೋಗಿ, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು, ಆ ಜಿಲ್ಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದರು. ಇಂಗ್ಲಿಷ್ ಮಾತಾಡಲು ನಾಚಿಕೆ, ಓದಲು ಧೈರ್ಯ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮಾನಪಾಡಾ ರಸ್ತೆಯಿಂದ ಬೆಳಿಗ್ಗೆ ನಮ್ಮ ಆಫೀಸು ಬಸ್ಸು ಹೊರಡುತ್ತಿತ್ತು. ಶೀಳ್ ಫಾಟಾ, ಮಹಾಪೆ, ತುರ್ಭೆ ದಾಟಿ ಬೇಲಾಪುರಕ್ಕೆ ಒಂದು ಗಂಟೆಯ ಮೇಲಾಗುವ ಹಾದಿ. ಅವರು ಬರುವ ಮುನ್ನ ಆ ಒಂದು ಗಂಟೆ ನನ್ನದಾಗಿತ್ತು. ಹಿಂದಿನ ಸೀಟುಗಳಲ್ಲಿ ಕನ್ನಡದವರು, ಕೆಲವು ಮರಾಠಿಯವರು. ನಾನು ಊರಿನ ತಾಳಮದ್ದಳೆಯ ಅರ್ಥಧಾರಿಗಳ ಮಾತಿನ ವರಸೆ ಮಾಡಿ ತೋರಿಸುತ್ತಿದ್ದೆ, ಜನ ನಗುತ್ತಿದ್ದರು. ಅವರು ಬಂದ ಎರಡನೇ ವಾರ ಯಾರೋ ಅವರ ಕೈಯ ಹಾಳೆ ನೋಡಿ ಏನೆಂದು ಕೇಳಿದರು. ಅವರು ಹೇಳಿದರು. ಅಲ್ಲಿಗೆ ನನ್ನ ಆಟ ಮುಗಿಯಿತು.

ಅವರು ಕಥೆ ಹೇಳುತ್ತಿರಲಿಲ್ಲ, ನಡೆಸುತ್ತಿದ್ದರು. ದಿನಕ್ಕೊಂದು ದಾರಿ. "ಇವತ್ತ ರಾಯಾಡರ್‌ನಿಂದ ಹೊರಡೂಣು. ನಾಕು ರಸ್ತೆ ಕೂಡೋ ಊರು, ನಡುವ ಗಡಿಯಾರದ ಕಂಬ. ಉತ್ತರದ ರಸ್ತೆ ಹೆಸರು ಉತ್ತರ ರಸ್ತೆ, ದಕ್ಷಿಣದ್ದು ದಕ್ಷಿಣ ರಸ್ತೆ. ಊರಂದ್ರ ಹಿಂಗಿರಬೇಕು, ಹೊಸಬ ದಾರಿ ತಪ್ಪಂಗಿಲ್ಲ. ಈಗ ಪಶ್ಚಿಮಕ್ಕ ಹೊಳ್ಳ್ರಿ. ಡೊಂಬಿವಲಿಯಿಂದ ಕಲ್ಯಾಣದಷ್ಟು ನಡದ್ರ ಮೊದಲನೇ ಡ್ಯಾಮ್." ಹೀಗೆ. ವೇಲ್ಸಿನ ದೂರಗಳನ್ನೆಲ್ಲ ನಮ್ಮ ಸ್ಟೇಷನ್ನುಗಳಲ್ಲೇ ಅಳೆಯುವುದು ಅವರ ಕ್ರಮ. ರಾಯಾಡರ್‌ನಿಂದ ಬಿಲ್ತ್ ಎಂಬ ಪೇಟೆಗೆ ಕಲ್ಯಾಣದಿಂದ ಠಾಣೆಯಷ್ಟು. ಗುಡ್ಡ ಎಷ್ಟು ಎತ್ತರ ಎಂದರೆ "ನಮ್ಮ ಪಾರಸಿಕ್ ಗುಡ್ಡದ ಮ್ಯಾಲ ಇನ್ನೊಂದು ಪಾರಸಿಕ್ ಇಡ್ರಿ" ಎನ್ನುವರು. ಬಸ್ಸಿನಲ್ಲಿದ್ದ ಯಾರೂ ಸಮುದ್ರ ದಾಟಿ ಹೋದವರಲ್ಲ, ಆದರೆ ಎಲ್ಲರಿಗೂ ವಾಯ್ ನದಿ ಎಲ್ಲಿ ತಿರುಗುತ್ತದೆ ಎಂಬುದು ಗೊತ್ತಾಯಿತು. ಮರಾಠಿಯವರು ಅವರಿಗೆ 'ವೇಲ್ಸ್‌ವಾಲೆ' ಎಂದು ಹೆಸರಿಟ್ಟರು. ಹತ್ತಿದ ಕೂಡಲೆ "ಕಾಯ್ ವೇಲ್ಸ್‌ವಾಲೆ, ಆಜ್ ಕುಠೆ?" ಎಂದು ಕೇಳುವರು. ಇವತ್ತು ಎಲ್ಲಿಗೆ ಎಂದು ನನ್ನನ್ನು ಯಾರೂ ಕೇಳುತ್ತಿರಲಿಲ್ಲ.

ಲ್ಯಾಂಡ್ರಿಂಡಾಡ್ ಎಂಬ ಊರಿನಲ್ಲಿ ಗಂಧಕದ ವಾಸನೆಯ ನೀರಿದೆಯಂತೆ, ಹಿಂದೆ ದೊಡ್ಡ ದೊಡ್ಡವರು ರೈಲು ಹತ್ತಿ ಬಂದು ಮೂಗು ಮುಚ್ಚಿಕೊಂಡು ಕುಡಿದು ಹೋಗುತ್ತಿದ್ದರಂತೆ. "ನಮ್ಮ ವಜ್ರೇಶ್ವರಿ ಇದ್ದಂಗ. ನಾವು ಮಿಂದು ಬರ್ತೀವಿ, ಅವರು ಕುಡದು ಹೋಗ್ತಾರ." ದೂರದ ಇಂಗ್ಲೆಂಡಿನ ಒಂದು ಶಹರಕ್ಕೆ ಆ ಕಣಿವೆಯ ಡ್ಯಾಮುಗಳಿಂದ ನೀರು ಹೋಗುತ್ತದೆ, ಎಪ್ಪತ್ತು ಮೈಲಿ ಪಂಪಿಲ್ಲದೆ ಇಳಿಜಾರಿನಲ್ಲೇ ಹರಿಯುತ್ತದೆ ಎಂದಾಗ ಇಡೀ ಬಸ್ಸು ನಂಬಲಿಲ್ಲ. ಡೊಂಬಿವಲಿಯಲ್ಲಿ ನೀರು ಎರಡನೇ ಮಹಡಿಗೂ ಏರುತ್ತಿರದ ಕಾಲ ಅದು. ಎದ್ದು ಜಗಳ ಮಾಡಿದವರೂ ಇದ್ದರು. ಅವರು ಒಂದು ಚೀಟಿಯ ಮೇಲೆ ಡ್ಯಾಮಿನ ಎತ್ತರ, ಶಹರದ ಎತ್ತರ ಎರಡನ್ನೂ ಬರೆದು ತೋರಿಸಿ ಸಮಾಧಾನ ಮಾಡಿದರು.

ನೈಟನ್ ಎಂಬ ಊರಿನ ಮಾತು ಬಂದ ದಿನ ಇನ್ನೂ ನೆನಪಿದೆ. ಊರು ವೇಲ್ಸಿನಲ್ಲಿದೆ, ಅದರ ರೈಲು ಸ್ಟೇಷನ್ನು ಗಡಿಯಾಚೆ ಇಂಗ್ಲೆಂಡಿನಲ್ಲಿ. ಹಾಗೆಂದು ಅವರು ಹೇಳಿದ್ದೇ ತಡ, ಕನ್ನಡದವರು ಮರಾಠಿಯವರ ಮುಖ ನೋಡಿದರು, ಮರಾಠಿಯವರು ಕನ್ನಡದವರದು. ಗಡಿ ಜಗಳ ಆಗಾಗ ಕಾವೇರುತ್ತಿದ್ದ ದಿನಗಳು. ಅವರು ಶಾಂತವಾಗಿ, "ಟಿಕೇಟು ಅಲ್ಲಿ ತಗಿಸ್ತಾರ, ಚಾ ಇಲ್ಲಿ ಕುಡೀತಾರ. ಯಾರೂ ಸತ್ತಿಲ್ಲ" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಂಥ ಮಾತು ನನ್ನ ಬಾಯಿಂದ ಬರಬೇಕಾಗಿತ್ತು ಎಂದು ಸಂಕಟಪಟ್ಟೆ.

ಅವರನ್ನು ಬೀಳಿಸಲು ನಾನೂ ಒಂದೆರಡು ಸಾರಿ ನೋಡಿದ್ದೇನೆ. ಎಲ್ಲೋ ಓದಿ ತಿಳಿದುಕೊಂಡು ಬಂದು ತುಂಬಿದ ಬಸ್ಸಿನಲ್ಲಿ, "ನಿಮ್ಮ ಜಿಲ್ಲೆಯೇ ಈಗ ಇಲ್ಲವಂತಲ್ಲ? ಬೇರೆ ಎರಡರ ಜೊತೆ ಸೇರಿಸಿ ಹೊಸ ಹೆಸರಿಟ್ಟಿದ್ದಾರಂತೆ" ಎಂದೆ. ನಿಜವಾದ ಸಂಗತಿಯೇ. ಅವರು ಬೆರಳಿನ ಪುಡಿ ಒರೆಸಿಕೊಳ್ಳುತ್ತ, "ಜಿಲ್ಲಾ ಹೋದ್ರ ಗುಡ್ಡ ಎಲ್ಲಿಗೆ ಹೊಕ್ಕಾವ್ರೀ ಸಾಹೇಬ್ರ?" ಎಂದರು. ಬಸ್ಸು ಮತ್ತೆ ಅವರದಾಯಿತು.

ಮನೆಯಲ್ಲಾದರೂ ನೆಮ್ಮದಿಯಿತ್ತೇ? ಇಲ್ಲ. ಗಣಪತಿ ಹಬ್ಬಕ್ಕೆ ನಮ್ಮ ಕನ್ನಡ ಬಳಗದವರು ಅವರಿಂದ ಒಂದು ಮಾತು ಆಡಿಸಿದರು. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಸಲವೂ ನಕಾಶೆ ನೋಡದೆ ಇಡೀ ರ್ಯಾಡ್ನರ್‌ಶೈರ್ ಬರೆದರು. ಅಲ್ಲಿನ ಕುರಿಗಳ ಬಗ್ಗೆ ಹೇಳಿದರು. ಬೇಲಿಯಿಲ್ಲದ ಗುಡ್ಡದಲ್ಲಿ ಒಂದೊಂದು ಮಂದೆಗೂ ತನ್ನ ಜಾಗ ಗೊತ್ತಂತೆ, ತಾಯಿ ಮರಿಗೆ ಕಲಿಸುತ್ತದಂತೆ, ಮಾರಿದರೂ ಗುಡ್ಡದ ಜೊತೆಗೇ ಮಾರಬೇಕಂತೆ. "ಕೊರಳಿಗೆ ಹಗ್ಗಿಲ್ಲ, ಆದ್ರೂ ತನ್ನ ಗುಡ್ಡ ಬಿಟ್ಟು ಹೋಗಂಗಿಲ್ಲ. ನಮ್ಮ ಅಪ್ಪನ ಕುರಿನೂ ಹಂಗs ಇದ್ವು. ಕುರಿ ಅಲ್ಲೇ ಉಳದ್ವು. ನಾವು ಡೊಂಬಿವಲಿಗೆ ಬಂದ್ವಿ" ಎಂದು ಹೇಳಿ ಕೂತುಬಿಟ್ಟರು. ಹೆಂಗಸರು ಕಣ್ಣೊರೆಸಿಕೊಂಡರು. ಅವರ ನಂತರ ನನ್ನದೊಂದು ಹಾಸ್ಯ ಭಾಷಣವಿತ್ತು. ಹೊತ್ತಾಯಿತೆಂದು ಅದನ್ನು ಕೈಬಿಟ್ಟರು.

ಮನೆಗೆ ಬರುವ ದಾರಿಯಲ್ಲಿ ನನ್ನ ಹೆಂಡತಿ, "ಎಂತ ಮನುಷ್ಯ ಮಾರಾಯ್ರೆ! ಕಾಣದ ಊರನ್ನು ಹೀಗೆ ಹೇಳ್ತಾರೆ. ನಿಮ್ಗೆ ನಮ್ಮ ಗಲ್ಲಿಯ ಹೆಸರೇ ಸರಿ ಗೊತ್ತಿಲ್ಲ" ಎಂದಳು. ನಾನು ಎರಡು ದಿನ ಅವಳೊಡನೆ ಮಾತು ಬಿಟ್ಟೆ. ಯಾಕೆಂದು ಅವಳಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾಗದ ಹಾಗೆ ಇದ್ದಳು.

ಹೀಗಿರುವಾಗ ಎಂಬತ್ತರ ದಶಕದ ಮೊದಲ ಭಾಗದಲ್ಲಿ ಒಂದು ಅವಕಾಶ ಬಂತು. ಬ್ರಿಟನ್ನಿನಲ್ಲಿ ಹೊಸ ಊರುಗಳನ್ನು ಹೇಗೆ ಕಟ್ಟುತ್ತಾರೆಂದು ನೋಡಿ ಬರಲು ಐದಾರು ಜನರನ್ನು ಆರು ವಾರಕ್ಕೆ ಕಳಿಸುವುದೆಂದಾಯಿತು. ಎಂಜಿನಿಯರರ ಜೊತೆಗೆ ನಕಾಶೆ ವಿಭಾಗದಿಂದ ಒಬ್ಬರು. ನೋಡಬೇಕಾದ ಊರುಗಳ ಪಟ್ಟಿಯಲ್ಲಿ ನಡು ವೇಲ್ಸಿನ ಒಂದು ಸಣ್ಣ ಪಟ್ಟಣವೂ ಇತ್ತು. ರಾಯಾಡರ್‌ಗೆ ಅಲ್ಲಿಂದ ಇಪ್ಪತ್ತೈದು ಮೈಲಿ, ಅವರ ಲೆಕ್ಕದಲ್ಲಿ ಡೊಂಬಿವಲಿಯಿಂದ ದಾದರ್. ಸುದ್ದಿ ಹಬ್ಬಿದ ದಿನ ಬಸ್ಸಿನಲ್ಲಿ ಎಲ್ಲರೂ ಅವರ ಬೆನ್ನು ತಟ್ಟಿದರು. ಅಂದು ಅವರು ಒಂದೇ ಗೆರೆಯನ್ನು ಮೂರು ಸಾರಿ ಕೆರೆದರು.

ದೊಡ್ಡ ಎಂಜಿನಿಯರರು ನನ್ನನ್ನು ಒಳಗೆ ಕರೆದರು. ನಿಯಮದ ಪ್ರಕಾರ ಹಿರಿಯರು ಹೋಗಬೇಕು, ಆದರೆ ನಮ್ಮ ಟ್ರೇಸರರೇ ಹೋದರೆ ಹೇಗೆ, ನಿಮ್ಮ ಕೈಕೆಳಗಿನವರಲ್ಲವೇ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು. ಅವರು ಕೇಳಿದ ರೀತಿಯಲ್ಲೇ ತಿಳಿಯುತ್ತಿತ್ತು, ನಾನು ಹೂಂ ಎಂದಿದ್ದರೆ ಸಾಕಿತ್ತು.

"ತುಂಬಾ ಒಳ್ಳೆಯ ಕೆಲಸಗಾರರು ಸರ್. ಆದರೆ ಅವರಿಗೆ ಇಂಗ್ಲಿಷ್ ಬರುವುದಿಲ್ಲ" ಎಂದೆ.

ಅಷ್ಟೇ. ಇದಕ್ಕಿಂತ ಹೆಚ್ಚು ಒಂದು ಅಕ್ಷರವನ್ನೂ ನಾನು ಹೇಳಲಿಲ್ಲ. ಎಂಜಿನಿಯರರು ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿ ಕಾಗದದ ಮೇಲೆ ನನ್ನ ಹೆಸರು ಬರೆದರು. ಹೊರಗೆ ಬಂದು ನೀರು ಕುಡಿದೆ. ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ನಾನು ಹೊರಡುವ ಹಿಂದಿನ ಭಾನುವಾರ ಅವರು ನಮ್ಮ ಮನೆಗೆ ಬಂದರು. ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ, ಬಗಲಲ್ಲಿ ಆ ಹಳೆಯ ನಕಾಶೆ. "ಅಕ್ಕಾರ, ಚಾ ಆಮ್ಯಾಲ" ಎಂದು ನನ್ನ ಹೆಂಡತಿಗೆ ಹೇಳಿ ನೆಲದ ಮೇಲೆ ನಕಾಶೆ ಹಾಸಿದರು. ಮುಖದಲ್ಲಿ ನನ್ನ ಮೇಲೆ ಒಂದಿಷ್ಟೂ ಸಿಟ್ಟು ಕಾಣಲಿಲ್ಲ. ಸಿಟ್ಟು ಕಂಡಿದ್ದರೆ ನನಗೆ ಹಗುರಾಗುತ್ತಿತ್ತು.

"ಡ್ಯಾಮು ಬ್ಯಾಡ, ಗಂಧಕದ ನೀರು ಬ್ಯಾಡ. ಅದೆಲ್ಲ ಪುಸ್ತಕದಾಗ ಐತ್ರಿ. ಇದೊಂದು ನೋಡ್ಕೊಂಡು ಬರ್ರಿ" ಎಂದು ಒಂದು ಕಡೆ ಬೆರಳಿಟ್ಟರು. ರಾಯಾಡರ್‌ಗಿಂತ ಸ್ವಲ್ಪ ಪೂರ್ವಕ್ಕೆ ಒಂದು ಚರ್ಚು, ನಾಲ್ಕು ಮನೆಯ ಹಳ್ಳಿ. ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಹೊರಳುವುದಿಲ್ಲ. ಆ ಚರ್ಚಿನ ಹಿಂದಿನಿಂದ ಒಂದು ಚುಕ್ಕಿಗೆರೆಯ ಕಾಲುದಾರಿ ಹೊರಟು ಗುಡ್ಡ ಹತ್ತುತ್ತಿತ್ತು. ನಡುಗುಡ್ಡದಲ್ಲಿ ಥಟ್ಟನೆ ನಿಂತುಬಿಟ್ಟಿತ್ತು. ಅಲ್ಲಿ ಮನೆಯಿಲ್ಲ, ಕಲ್ಲಿಲ್ಲ, ಯಾವ ಗುರುತೂ ಇಲ್ಲ.

"ದಾರಿ ಅಂದಮ್ಯಾಲ ಎಲ್ಲಿಗರೆ ಹೋಗಬೇಕಲ್ರೀ? ಇದು ಎಲ್ಲಿಗೂ ಹೋಗಂಗಿಲ್ಲ. ಆದ್ರ ಜನ ನಡದಾರ, ಅದಕ್ಕs ದಾರಿ ಆಗೇತಿ. ಅಲ್ಲಿ ಏನ್ ಮಾಡಾಕ ಹೊಕ್ಕಿದ್ರು? ಹದಿನಾಕು ವರ್ಷ ಆತ್ರಿ, ಬಟ್ಟು ಇಟ್ಟು ನೋಡ್ತೀನಿ. ಯಾವ ಪುಸ್ತಕದಾಗೂ ಇಲ್ಲ."

"ಖಂಡಿತ ನೋಡಿ ಬರ್ತೇನೆ" ಎಂದೆ.

"ನೋಡಿ ಬರ್ರಿ. ನಿಮ್ಮ ಕಣ್ಣs ನನ್ನ ಕಣ್ಣು" ಎಂದರು. ನನ್ನ ಹೆಂಡತಿ ಅದೇ ವಾರ ನನಗಾಗಿ ಹೊಸ ಬೂಟು ತಂದಿದ್ದಳು. ಅವರು ಅದನ್ನು ಎತ್ತಿ ಅಟ್ಟೆ ಒತ್ತಿ ನೋಡಿ, ಗುಡ್ಡಕ್ಕೆ ಅಡ್ಡಿಯಿಲ್ಲ ಎಂದು ಮೆಚ್ಚಿಕೊಂಡರು.

ನಡು ವೇಲ್ಸಿನ ಆ ಪಟ್ಟಣದಲ್ಲಿ ನಮಗೆ ಒಂದು ಶನಿವಾರ ಪೂರ್ತಿ ಬಿಡುವಿತ್ತು. ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋದೆ. ಮಳೆ ಜಿನುಗುತ್ತಿತ್ತು, ಹೆಚ್ಚೇನಲ್ಲ. ಬಸ್ಸು ಬಂತು. ಹಣೆಯ ಮೇಲೆ ರಾಯಾಡರ್ ಎಂಬ ಹೆಸರು. ನಾನು ಅಷ್ಟು ವರ್ಷ ಕಿವಿಯಲ್ಲಿ ಕೇಳಿ ಕೇಳಿ ಹೊಟ್ಟೆ ಉರಿಸಿಕೊಂಡ ಹೆಸರು, ದಪ್ಪ ಅಕ್ಷರದಲ್ಲಿ. ಮುದುಕಿಯೊಬ್ಬಳು ಬುಟ್ಟಿ ಹಿಡಿದು ಹತ್ತಿದಳು. ಡ್ರೈವರು ನನ್ನ ಮುಖ ನೋಡಿದ. ನಾನು ಹತ್ತಲಿಲ್ಲ.

ಯಾಕೆ ಹತ್ತಲಿಲ್ಲ ಎಂಬುದನ್ನು ನಾನು ಯಾರಿಗೂ ಹೇಳಿಲ್ಲ. ಮಳೆ ಕಾರಣವಲ್ಲ, ಚಳಿಯೂ ಅಲ್ಲ. ಹೋಗಿ ನೋಡಿದರೆ ಎಲ್ಲವೂ ಅವರು ಹೇಳಿದ ಹಾಗೇ ಇರುತ್ತದೆ ಎಂದು ನನಗೆ ಗೊತ್ತಿತ್ತು. ನಾಲ್ಕು ರಸ್ತೆ, ನಡುವೆ ಗಡಿಯಾರದ ಕಂಬ, ಉತ್ತರಕ್ಕೆ ಉತ್ತರ ರಸ್ತೆ. ಏಳು ಸಮುದ್ರ ದಾಟಿ ಬಂದು ಅಲ್ಲೂ ಅವರ ಹಿಂದೆಯೇ ನಡೆಯಬೇಕಿತ್ತು. ಆ ಯೋಚನೆ ತಡೆಯಲಾಗಲಿಲ್ಲ. ಬಸ್ಸು ಹೋಯಿತು. ಎದುರಿನ ಅಂಗಡಿಯಲ್ಲಿ ಕೂತು ಮೂರು ಸಾರಿ ಚಹಾ ಕುಡಿದೆ. ಮಧ್ಯಾಹ್ನ ಮತ್ತೊಂದು ಬಸ್ಸು ಬಂತು, ಅದೂ ಹೋಯಿತು.

ಊರಿಗೆ ಮರಳಿದ ಮೇಲೆ ಮೊದಲ ದಿನ ಬಸ್ಸಿನಲ್ಲಿ ನನಗಾಗಿ ನಡುವಿನ ಸೀಟು ಬಿಟ್ಟಿದ್ದರು. ಹಾರ ಒಂದು ಕಡಿಮೆ. ಅವರು ಮಾತ್ರ ಎದುರಿಗೆ ಕಂಬಿ ಹಿಡಿದು ನಿಂತೇ ಇದ್ದರು. ಬಸ್ಸು ಶೀಳ್ ಫಾಟಾ ದಾಟುವವರೆಗೂ ಕೇಳಲಿಲ್ಲ. ಆಮೇಲೆ ಮೆಲ್ಲಗೆ, "ನಮ್ಮ ದಾರಿ?" ಎಂದರು.

"ಹೋಗಿದ್ದೆ" ಎಂದೆ. ಇಡೀ ಬಸ್ಸು ನನ್ನತ್ತ ತಿರುಗಿತು. "ಅಲ್ಲಿ ಒಂದು ಬಾವಿ ಇದೆ."

ಬಾವಿಯೇ ಯಾಕೆ ಬಾಯಿಗೆ ಬಂತೋ ತಿಳಿಯದು. ಬಹುಶಃ ತುರ್ಭೆಯ ಆ ಬಾವಿ ಒಳಗೆಲ್ಲೋ ಕೊರೆಯುತ್ತಿತ್ತು. ಒಮ್ಮೆ ಬಂದ ಮೇಲೆ ಕಥೆ ತಾನಾಗಿ ಹರಿಯಿತು. ಸುತ್ತ ಹಾಸುಗಲ್ಲು, ಮೇಲೆ ಪಾಚಿ, ಕುರುಬರು ಕುರಿಗೆ ನೀರು ಕುಡಿಸಲು ಹತ್ತುತ್ತಿದ್ದ ದಾರಿ. ನಾನೂ ಬೊಗಸೆಯಲ್ಲಿ ಕುಡಿದೆ, ಎಳನೀರಿನಷ್ಟು ಸಿಹಿ. ಜನ ಬಾಯಿ ಬಿಟ್ಟುಕೊಂಡು ಕೇಳಿದರು. ಎಷ್ಟು ವರ್ಷದ ಮೇಲೆ!

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಹತ್ತೋವಾಗ ಹಳ್ಳ ದಾಟೀರಲ್ರೀ, ನೀರು ಭಾಳ ಇತ್ತೇನು?"

"ಮೊಣಕಾಲು ಮಟ್ಟ. ಪ್ಯಾಂಟು ಮಡಚಿ ದಾಟಿದೆ" ಎಂದೆ.

ಹಿಂದಿನ ಸೀಟಿನ ಒಬ್ಬರು, "ಗುಡ್ಡದ ಮೇಲೆ ಬಾವಿ ಯಾರ್ರೀ ತೋಡ್ತಾರ? ನಕಾಶೆದಾಗ ಯಾಕಿಲ್ಲ?" ಎಂದು ತಗಾದೆ ತೆಗೆದರು. ನಾನು ಬಾಯಿ ತೆರೆಯುವ ಮೊದಲೇ ಎದುರಿಗೆ ನಿಂತಿದ್ದ ಅವರೇ ಅತ್ತ ತಿರುಗಿ, "ಸಣ್ಣ ಬಾವಿ ಆ ಅಳತೀದಾಗ ಬರಂಗಿಲ್ರೀ. ಸಾಹೇಬ್ರು ನೋಡಿ ಬಂದಾರ, ಬಿಡ್ರಿ" ಎಂದರು. ತಗಾದೆ ಅಲ್ಲಿಗೆ ನಿಂತಿತು.

ಒಂದು ವಾರ ಬಸ್ಸು ನನ್ನದಾಯಿತು. ಅವರು ಕಿಟಕಿಯ ಪಕ್ಕ ಕೂತು ಮಹಾಪೆಯ ಗುಡ್ಡ ನೋಡುತ್ತಿದ್ದರು. ಎಂಟನೆಯ ದಿನ ನನ್ನ ಸರಕು ಮುಗಿಯಿತು. ಒಂದು ಬಾವಿಯಿಂದ ಎಷ್ಟು ನೀರು ಸೇದಲಿ? ಯಾರೋ "ವೇಲ್ಸ್‌ವಾಲೆ, ಆಜ್ ಕುಠೆ?" ಎಂದರು. ಅವರು ನನ್ನತ್ತ ನೋಡಿ, ನಾನು ತಲೆಯಾಡಿಸಿದ ಮೇಲೆಯೇ ಬಾಯಿ ತೆರೆದರು. ಆ ಹಳ್ಳಿಯ ಕಡೆಗೆ ಮಾತ್ರ ಅವರು ಮತ್ತೆಂದೂ ಯಾರನ್ನೂ ನಡೆಸಲಿಲ್ಲ. ಆ ದಾರಿಯ ಬಗ್ಗೆ ನನ್ನನ್ನೂ ಇನ್ನೊಮ್ಮೆ ಕೇಳಲಿಲ್ಲ. ಮರೆತಿದ್ದಾರೆ ಎಂದುಕೊಂಡೆ.

ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಎದೆನೋವು ಬಂದು ಹೋದರು. ಹೋದ ವಾರ ಅವರ ಮಗಳು ನಮ್ಮ ಮನೆಗೆ ಬಂದಳು, ಕಲ್ಯಾಣದಲ್ಲಿ ಕಾಲೇಜು ಓದುವವಳು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. "ಅಂಕಲ್, ಪಪ್ಪಾನೆ ಬೋಲಾ ಥಾ, ಯೆ ಸಿರ್ಫ್ ಆಪ್‌ಕೋ ದೇನಾ" ಎಂದು ಒಂದು ತಗಡಿನ ಕೊಳವೆ ಕೊಟ್ಟಳು. ನಿಮಗೆ ಮಾತ್ರ ಕೊಡಬೇಕೆಂದು ಅಪ್ಪ ಹೇಳಿದ್ದರಂತೆ. ಒಳಗೆ ಏನಿದೆ ಎಂದು ಕೇಳಿದೆ. "ಮಾಲೂಮ್ ನಹೀ. ಸಂಡೇಕೋ ಬೈಠ್‌ತೇ ಥೇ ಇಸೀಕೋ ಲೇಕೆ" ಎಂದಳು. ಅವಳಿಗೂ ಗೊತ್ತಿಲ್ಲ, ಭಾನುವಾರಗಳಲ್ಲಿ ಅದನ್ನೇ ಹಿಡಿದು ಕೂರುತ್ತಿದ್ದರಂತೆ. ಚಹಾ ಕುಡಿದು ಹೊರಟುಹೋದಳು.

ಊಟದ ಮೇಜಿನ ಮೇಲೆ ಬಿಚ್ಚಿ ಹಾಸಿದೆ. ಅದು ಹಳೆಯ ನಕಾಶೆಯಲ್ಲ. ಅದರ ಮೇಲೆ ಹಾಳೆಯಿಟ್ಟು ಅವರೇ ಎಷ್ಟೋ ವರ್ಷಗಳ ಭಾನುವಾರಗಳಲ್ಲಿ ತೀಡಿದ ನಕಾಶೆ. ಇಡೀ ರ್ಯಾಡ್ನರ್‌ಶೈರ್, ಕನ್ನಡ ಅಕ್ಷರದಲ್ಲಿ. ಪ್ರತಿ ಗುಡ್ಡ, ಹಳ್ಳ, ಚರ್ಚು, ಕುರಿದೊಡ್ಡಿ, ಎಲ್ಲದರ ಹೆಸರೂ ಕರಿಶಾಯಿಯಲ್ಲಿ, ಅಕ್ಷರ ಒಂದಕ್ಕಿಂತ ಒಂದು ಮುದ್ದು. ಇಂಥದ್ದನ್ನು ನಾನು ಏಳು ಜನ್ಮ ಎತ್ತಿದರೂ ಬರೆಯಲಾರೆ ಎಂದು ಮತ್ತೆ ಹೊಟ್ಟೆ ಉರಿಯಿತು. ಆಮೇಲೆ ಬೆರಳು ತಾನಾಗಿ ಪೂರ್ವಕ್ಕೆ ಸರಿಯಿತು.

ಚರ್ಚು, ನಾಲ್ಕು ಮನೆ, ಚುಕ್ಕಿಗೆರೆಯ ದಾರಿ. ಚರ್ಚಿನಿಂದ ಆ ದಾರಿಯ ಕೊನೆಯವರೆಗೆ ಬೆರಳಿನಿಂದ ಎರಡು ಸಾರಿ ನಡೆದೆ. ನಡುವೆ ಎಲ್ಲೂ ಹಳ್ಳವಿಲ್ಲ. ಹಳ್ಳವಿರುವುದು ಗುಡ್ಡದ ಆಚೆ ಬದಿಗೆ. ನೀರು ಎಷ್ಟಿತ್ತೆಂದು ಅವರು ಕೇಳಿದ್ದು ಅದಕ್ಕೇ.

ದಾರಿಯ ತುದಿಯಲ್ಲಿ ಒಂದು ಸಣ್ಣ ಸೊನ್ನೆ, ಪಕ್ಕದಲ್ಲಿ 'ಬಾವಿ' ಎಂಬ ಮಾತು. ಅಷ್ಟು ದೊಡ್ಡ ಹಾಳೆಯಲ್ಲಿ, ಅವರು ಕಾಲಿಡದ ಆ ಜಿಲ್ಲೆಯಲ್ಲೆಲ್ಲ, ಪೆನ್ಸಿಲಿನಲ್ಲಿ ಬರೆದದ್ದು ಅದೊಂದೇ.

ಹೆಂಡತಿ ಅಡಿಗೆ ಮನೆಯಿಂದ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದಳು. "ನೀವು ಹೇಳಿದ ಬಾವಿ ಅಲ್ವಾ ಇದು? ಸಿಹಿನೀರಿನದ್ದು?"

"ಅಲ್ಲಿ ಬಾವಿ ಇಲ್ಲ. ನಾನು ಅಲ್ಲಿಗೆ ಹೋಗಿರಲೇ ಇಲ್ಲ" ಎಂದೆ. ಇಷ್ಟು ವರ್ಷದಲ್ಲಿ ಮೊದಲ ಸಾರಿ ಅದು ಬಾಯಿಂದ ಹೊರಬಿತ್ತು.

ಅವಳು ಆಶ್ಚರ್ಯಪಡಲಿಲ್ಲ. "ಗೊತ್ತುಂಟು. ನಿಮ್ಮ ಬೂಟು ಒರೆಸಿಟ್ಟದ್ದು ನಾನಲ್ವಾ? ಒರೆಸ್ಲಿಕ್ಕೆ ಒಂದು ಚೂರು ಕೆಸರಿರ್ಲಿಲ್ಲ" ಎಂದು ಒಳಗೆ ಹೋದಳು.

ಮೇಜಿನ ಸೆಳೆಖಾನೆಯಲ್ಲಿ ರಬ್ಬರಿತ್ತು. ಎರಡು ಸಾರಿ ಮೆಲ್ಲಗೆ ಎಳೆದೆ. ಗುರುತೂ ಉಳಿಯದಂತೆ ಹೋಯಿತು. ಅಷ್ಟು ಹಗುರಾಗಿ ಬರೆದಿದ್ದರು. ದಾರಿ ಈಗ ಮೊದಲಿನ ಹಾಗೆ ನಡುಗುಡ್ಡದಲ್ಲಿ ನಿಂತಿದೆ. ಅಲ್ಲಿ ಏನಿದೆಯೆಂದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ. ರಾಯಾಡರ್ ಬಸ್ಸು ಎರಡು ಸಾರಿ ಬಂದಿತ್ತು.